ಚನ್ನಬಸವ್ವ ಕರೆದ ಸಭೆ

ಪುಣೆಯ ಭವಾನಿ ಪೇಟೆಯಲ್ಲಿ ಹತ್ತಾರು ಸಂಸಾರಗಳಿದ್ದ ಒಂದು ವಾಡೆಯ ನಲ್ಲಿಯಲ್ಲಿ ನೀರಿನ ಸದ್ದು ಕೇಳುವ ಮೊದಲೇ ಚನ್ನಬಸವ್ವ ಅಂಗಳದಲ್ಲಿರುತ್ತಿದ್ದಳು. ಮೊದಲು ಬಂದ ನೀರನ್ನು ಅವಳು ಯಾರ ಕೊಡಕ್ಕೂ ಬಿಡುತ್ತಿರಲಿಲ್ಲ. ಅದನ್ನು ತಂಬಿಗೆಯಲ್ಲಿ ಹಿಡಿದು ನಲ್ಲಿಯ ಕಟ್ಟೆಗೆ ಸುರಿದು, ಅಂಗೈಯಿಂದ ತಿಕ್ಕಿ ತೊಳೆದು, ಸೆರಗಿನ ಗಂಟಿನಲ್ಲಿ ತಂದ ವಿಭೂತಿಯನ್ನು ಕಲ್ಲಿಗೆ ಹಚ್ಚಿ, ಶಿವಾ ಎಂದು ಒಮ್ಮೆ ಕಣ್ಣು ಮುಚ್ಚುತ್ತಿದ್ದಳು. ಉಳಿದವರ ಕೊಡಗಳು ಆಮೇಲೆ. ಮೈಯಲ್ಲಿ ಜ್ವರವಿದ್ದಾಗಲೂ, ಮಗಳ ಮದುವೆಯ ಬೆಳಗಿನಲ್ಲೂ, ಪ್ಲೇಗು ಬಂದು ವಾಡೆಯ ಅರ್ಧ ಜನ ಊರ ಹೊರಗೆ ಗುಡಿಸಲು ಹಾಕಿಕೊಂಡಿದ್ದ ವರ್ಷದಲ್ಲೂ ಇದು ತಪ್ಪಿರಲಿಲ್ಲ.

ಕಟ್ಟೆ ತೊಳೆದವಳಿಗೆ ಸಾಲು ಹಚ್ಚುವ ಅಧಿಕಾರ ತಾನಾಗಿ ಬಂದಿತ್ತು. "ನಿನ್ನ ಕೊಡ ಹಿಂದ ಇಡು. ಅವರ ಮನ್ಯಾಗ ಬಾಣಂತಿ ಇದ್ದಾಳ, ಮೊದಲ ಅವರಿಗೆ ಬಿಡು" ಎಂದರೆ ಎದುರಾಡುವವರಿರಲಿಲ್ಲ. ಹತ್ತು ಹೆಂಗಸರು ಕೂಡಿದಲ್ಲಿ ಒಬ್ಬಳು ಗಟ್ಟಿಯಾಗಿ ಹೇಳಬೇಕು, ಉಳಿದವರು ಕೇಳಬೇಕು ಎಂಬುದನ್ನು ಅವಳು ಕಲಿತದ್ದು ಅಲ್ಲಿಯೇ. ಅದರಾಚೆ ಕಲಿಯುವುದು ಏನಾದರೂ ಇದ್ದೀತೆಂದು ಅವಳಿಗೆ ಬಹಳ ಕಾಲ ಅನಿಸಿರಲಿಲ್ಲ.

ಅವಳು ಇಂಡಿ ಕಡೆಯ ಹಳ್ಳಿಯವಳು. ಇನ್ನೂ ಲಂಗ ಉಡುವ ವಯಸ್ಸಿನಲ್ಲಿ ಮದುವೆಯಾಗಿ ಪುಣೆಗೆ ಬಂದಳು. ಗಂಡ ಹೊಳಬಸಪ್ಪ ಪೇಟೆಯ ಹಿರಿಯ ವ್ಯಾಪಾರಿ ಅಪ್ಪಾಸಾಹೇಬರ ಬೆಲ್ಲದ ವಖಾರಿಯಲ್ಲಿ ತಕ್ಕಡಿಯ ಮುಂದೆ ನಿಲ್ಲುವವನು. ಮಾತು ಕಡಿಮೆ, ಚೇಷ್ಟೆ ಹೆಚ್ಚು. ಅತ್ತೆ ಪಾರವ್ವ ದೊಡ್ಡ ಭಕ್ತೆ. ಮಾರ್ಗಶಿರ ಮಾಸದಲ್ಲಿ ಚಂಪಾಷಷ್ಠಿಗೆಂದು ವಿಜಾಪುರ, ಕಲಬುರ್ಗಿ ಕಡೆಯ ಯಾತ್ರಿಕರು ಸೊಲ್ಲಾಪುರದ ಗಾಡಿಯಲ್ಲಿ ಬಂದು ಪುಣೆಯಲ್ಲಿಳಿದು, ಮಲ್ಲಯ್ಯನ ದರ್ಶನಕ್ಕೆ ಜೇಜುರಿಗೆ ಹೋಗುವ ಗಾಡಿಗಾಗಿ ಸ್ಟೇಶನ್ನಿನ ಹೊರಗೆ ಕೂತಿರುತ್ತಿದ್ದರು. ಭಾಷೆ ಬಾರದ ಊರು, ಕಂಕುಳಲ್ಲಿ ಕೂಸು. ಪಾರವ್ವ ಅಂಥ ಹೆಂಗಸರನ್ನು ಕರೆತಂದು ವಖಾರಿಯ ಪಡಸಾಲೆಯಲ್ಲಿ ಕೂರಿಸಿ, ತನ್ನ ಕೈಯಾರೆ ಅಡಿಗೆ ಮಾಡಿ ಬಡಿಸುತ್ತಿದ್ದಳು. ಅತ್ತೆ ಲಿಂಗೈಕ್ಯಳಾದ ಮೇಲೆ ಆ ಸೇವೆ ಸೊಸೆಗೆ ಬಂತು. ಯಾತ್ರಿಕರು ವರ್ಷವರ್ಷಕ್ಕೂ ಹೆಚ್ಚಿದರು. ಒಂದು ಒಲೆ ಸಾಲದಾಯಿತು. ಆಗ ಚನ್ನಬಸವ್ವ ಪೇಟೆಯ ಕನ್ನಡದ ಮನೆಗಳಿಗೆಲ್ಲ ಕರೆ ಕಳಿಸಿ, ಹೆಂಗಸರನ್ನು ಕೂಡಿಸಿ, ಅಡಿಗೆ ಹಂಚತೊಡಗಿದಳು. ಜನ ಅದನ್ನು 'ಚನ್ನಬಸವ್ವನ ಕರೆ' ಎನ್ನುತ್ತಿದ್ದರು. ಅಷ್ಟು ದೊಡ್ಡ ಪುಣೆಯಲ್ಲಿ ಅವಳ ಹೆಸರು ಅಂಟಿಕೊಂಡದ್ದು ಅದೊಂದಕ್ಕೇ.

ಆ ಕರೆ ಕೆಟ್ಟದ್ದು ಮೂವತ್ನಾಲ್ಕನೆಯ ಇಸವಿಯ ಸುಮಾರಿಗೆ. ಆ ವರ್ಷ ಅವಳು ಯಾವ ಶುಭಕಾರ್ಯಕ್ಕೂ ಮಾಡುವಂತೆ ಬಾಗಿಲಲ್ಲೇ ಎಲ್ಲರಿಗೂ ಅರಿಶಿನ ಕುಂಕುಮ ಕೊಟ್ಟು ಒಳಗೆ ಕರೆದಳು. ಆದರೆ ನಮ್ಮ ಹೆಂಗಸರಿಗೆ ಕುಂಕುಮ ಹಚ್ಚಿದರೆಂದರೆ ಇನ್ನು ಹೊರಡಬಹುದೆಂದು ಅರ್ಥ. ಅದು ತಲೆಗಿಂತ ಮೊದಲು ಕಾಲಿಗೆ ತಿಳಿಯುತ್ತದೆ. ಕೂತವರು ಕೂತಂತೆ ಇರಲಿಲ್ಲ. ಒಬ್ಬಳು ಒಲೆಯ ಮೇಲಿನ ಹಾಲು ನೆನೆದಳು, ಇನ್ನೊಬ್ಬಳು ಕಚೇರಿಯಿಂದ ಬರುವ ಗಂಡನನ್ನು. ರೊಟ್ಟಿಯ ಲೆಕ್ಕ ಮುಗಿಯುವಷ್ಟರಲ್ಲಿ ಅರ್ಧ ಜನ ಮೆಟ್ಟಿಲಲ್ಲಿದ್ದರು.

"ಪಲ್ಯ ಯಾವುದು ಮಾಡೂಣ್ರಿ?" ಎಂದು ಯಾರೋ ಕೆಳಗಿನಿಂದ ಕೂಗಿದರು.

"ಚಂಪಾಷಷ್ಠಿ ಅಂದಮ್ಯಾಲೆ ಬದನೀಕಾಯಿ ಬಿಟ್ಟು ಬ್ಯಾರೆ ಏನದ?" ಎಂದಳು ಕೃಷ್ಣಾಬಾಯಿ. ಅವಳು ಪೇಟೆಯಲ್ಲೇ ದೊಡ್ಡ ಬಾಯಿ. ಬೇರೆಯವರ ಮಾತು ಮುಗಿಯುವುದನ್ನು ಅವಳು ಕಂಡದ್ದೇ ಇಲ್ಲ. ಎಲ್ಲರೂ ಹೌದೌದು ಎಂದು ಹೋದರು.

ಷಷ್ಠಿಯ ಹಿಂದಿನ ದಿನ ಯಾತ್ರಿಕರು ಬಂದರು. ಪ್ರತಿ ಮನೆಯಿಂದಲೂ ಬಂದ ಬೋಗುಣಿಯಲ್ಲಿ ಸುಟ್ಟ ಬದನೆಕಾಯಿಯ ಭರ್ತವೇ. ಯಾತ್ರಿಕರು ಅದನ್ನು ನೋಡಿ ಎಲೆಯಿಂದ ಕೈ ಹಿಂದೆ ತೆಗೆದರು. ಮಲ್ಲಯ್ಯನ ಒಕ್ಕಲಿನವರು ಚಾತುರ್ಮಾಸದಿಂದ ಬದನೆಕಾಯಿ, ಉಳ್ಳಾಗಡ್ಡಿ ಬಿಟ್ಟಿರುತ್ತಾರೆ. ಷಷ್ಠಿಯಂದು ದೇವರಿಗೆ ಎಡೆಯಾದ ಮೇಲೆಯೇ ಅದು ಅವರ ಬಾಯಿಗೆ. ಅಲ್ಲಿಯವರೆಗೆ ಬೇಳೆ, ರೊಟ್ಟಿಯನ್ನೇ ಬಡಿಸುತ್ತ ಬಂದಿದ್ದ ಚನ್ನಬಸವ್ವನಿಗೆ ಈ ಕಟ್ಟಳೆ ಗೊತ್ತಿರಲಿಲ್ಲ. "ಯವ್ವಾ, ದೇವರಿಗೆ ಮುಟ್ಟಿಲ್ಲ, ನಾವು ಹೆಂಗ ತಿನ್ನೂಣು?" ಎಂದಳೊಬ್ಬ ಮುದುಕಿ, ತಾನೇ ತಪ್ಪು ಮಾಡಿದವಳಂತೆ. ಎಲ್ಲರೂ ಒಣರೊಟ್ಟಿಯನ್ನು ನೀರಲ್ಲಿ ಅದ್ದಿ ತಿಂದು, ಹರಸಿ, ಏಳುಕೋಟಿ ಎಂದು ಕೂಗುತ್ತ ಗಾಡಿಗೆ ಹೋದರು. ಅಪ್ಪಾಸಾಹೇಬರು ಕೋಲೂರಿಕೊಂಡು ಬಂದು ನೋಡಿದರು. ಬೈಯದೆ ತಿರುಗಿ ನಡೆದರು. ಬೈದಿದ್ದರೆ ಚನ್ನಬಸವ್ವನಿಗೆ ಅನ್ನ ಇಳಿಯುತ್ತಿತ್ತು.

ಮರುವರ್ಷದ ಬೇಸಿಗೆಯಲ್ಲಿ ಎದುರು ವಾಡೆಯ ಮಹಡಿಗೆ ಧಾರವಾಡದಿಂದ ಕುಶಲ ಬಂದಳು. ಗಂಡ ಸದಾನಂದ ಕಚೇರಿಯಲ್ಲಿ ಗುಮಾಸ್ತ. ಅವಳು ಹೆಣ್ಣುಮಕ್ಕಳ ಶಾಲೆಯಲ್ಲಿ ಓದಿದವಳು, ವಯಸ್ಸು ಚನ್ನಬಸವ್ವನ ಹಿರಿಯ ಮಗಳಷ್ಟು. ಬಂದ ತಿಂಗಳಲ್ಲೇ ಶುಕ್ರವಾರ ಮಧ್ಯಾಹ್ನ ಪುರಾಣ ಓದುವ ಕೂಟ ಸುರುಮಾಡಿದಳು. ಪುರಾಣದ ಜೊತೆಗೆ ಕೂಸಿನ ಆರೈಕೆ, ಹೊಲಿಗೆ, ಬಾವಿಯ ನೀರಿಗೆ ಹಾಕುವ ಔಷಧ, ಎಲ್ಲದರ ಮಾತೂ ಅಲ್ಲಿ ಆಗುತ್ತಿತ್ತಂತೆ.

ಆಗುತ್ತಿತ್ತಂತೆ ಎಂದು ಗೊತ್ತಾಗುತ್ತಿದ್ದುದು ನಲ್ಲಿಯ ಹತ್ತಿರ. "ಕುಶಲಕ್ಕಾರು ಹಿಂಗ ಅಂದ್ರು", "ಕುಶಲಕ್ಕಾರ ಮನ್ಯಾಗ ಹಂಗ ಆತು". ಚನ್ನಬಸವ್ವ ತೊಳೆದ ಕಟ್ಟೆಯ ಮೇಲೆ ಕೊಡ ಇಟ್ಟು, ಅವಳ ಎದುರಿಗೇ! ಅವಳು ಕಟ್ಟೆಯನ್ನು ಎರಡನೆಯ ಸಲ ತಿಕ್ಕುತ್ತಿದ್ದಳು.

"ಯಾರಂತ ಆಕಿ? ನಿನ್ನೆ ಬಂದಾಕಿ" ಎಂದು ಗಂಡನ ಮುಂದೆ ಸಿಡುಕಿದಳು.

"ನೀನೂ ಒಂದಿನ ಬಂದಾಕಿನ ಅಲ್ಲೇನ?" ಎಂದ ಹೊಳಬಸಪ್ಪ. ಅಂದು ಅವನ ಪಾಲಿನ ಸಾರಿಗೆ ಉಪ್ಪು ಬೀಳಲಿಲ್ಲ.

ಕಡೆಗೆ ಒಂದು ಶುಕ್ರವಾರ ಅವಳೂ ಹೋದಳು. ಪುರಾಣ ಕೇಳಲಿಕ್ಕೆ ಎಂದು ತನಗೇ ಹೇಳಿಕೊಂಡಿದ್ದಳು. ಕಣ್ಣು ಮಾತ್ರ ತಪ್ಪು ಹುಡುಕುತ್ತಿತ್ತು. ತಪ್ಪು ಸಿಗಲಿಲ್ಲ, ಅದೇ ದೊಡ್ಡ ನೋವು. ಕುಶಲ ಖುರ್ಚಿಯ ಮೇಲೆ ಕೂಡಲಿಲ್ಲ. ಎಲ್ಲರ ನಡುವೆ ಚಾಪೆಯ ಮೇಲೆ ಕೂತಳು. ಅರಿಶಿನ ಕುಂಕುಮದ ಭರಣಿ ಎಲ್ಲರ ಕಣ್ಣಿಗೆ ಬೀಳುವಂತೆ ಗೂಡಿನಲ್ಲಿತ್ತು, ಆದರೆ ಮಾತು ಮುಗಿಯುವವರೆಗೆ ಅದಕ್ಕೆ ಕೈ ಹಚ್ಚಲಿಲ್ಲ. ಕುಂಕುಮ ಹಚ್ಚಿಸಿಕೊಳ್ಳದೆ ಮುತ್ತೈದೆ ಹೇಗೆ ಎದ್ದು ಹೋದಾಳು? ಎಲ್ಲರೂ ಕೂತೇ ಇದ್ದರು. ಯಾರಾದರೂ ಒಂದು ಮಾತು ಹೇಳಿದರೆ ಕುಶಲ ಅದನ್ನೇ ಮೆಲ್ಲಗೆ ತಿರುಗಿ ಹೇಳಿ "ನೀವು ಹೇಳೂದು ಹಿಂಗಲ್ರಿ?" ಎಂದು ಕೇಳುತ್ತಿದ್ದಳು. ಹೇಳಿದವಳ ಮುಖ ಅರಳುತ್ತಿತ್ತು. ಕೃಷ್ಣಾಬಾಯಿಗಂತೂ, "ಕಡೀಕ ಏನೇನು ಠರಾವ್ ಆತು ಅಂತ ನೀವ ಎಲ್ಲಾರಿಗೂ ಹೇಳಬೇಕ್ರಿ, ನಿಮ್ಮ ಧ್ವನಿ ದೊಡ್ಡದದ" ಎಂದಿದ್ದಳು. ಅಷ್ಟಕ್ಕೇ ಕೃಷ್ಣಾಬಾಯಿ ಬಾಯಿ ಮುಚ್ಚಿ, ಕಿವಿ ತೆರೆದು ಕೂತಿದ್ದಳು! ಹದಿನೈದು ವರ್ಷದಲ್ಲಿ ಚನ್ನಬಸವ್ವನಿಂದ ಆಗದಿದ್ದದ್ದು.

ಮರುದಿನ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪೂಜೆಗೆ ಕೂತಳು. ಬಿಲ್ವಪತ್ರೆ ಏರಿಸುವಾಗ ಎದುರು ಮಹಡಿಯಿಂದ ಕುಶಲಳ ನಗು ಕೇಳಿಸಿತು. ಪತ್ರೆ ಕೈಯಲ್ಲೇ ಉಳಿಯಿತು. ಶಿವನೇ, ನಿನ್ನೆದುರು ಕೂತು ಆಕೆಯ ಮನೆಗೆ ಎಷ್ಟು ಜನ ಬಂದರೆಂದು ಚಪ್ಪಲಿ ಎಣಿಸುತ್ತಿದ್ದೇನಲ್ಲ ಎಂದು ಕಣ್ಣಲ್ಲಿ ನೀರು ಬಂತು. ಆದರೂ ಎಣಿಸುವುದು ನಿಲ್ಲಲಿಲ್ಲ.

ಕಾರ್ತಿಕ ಮುಗಿಯುತ್ತ ಬಂತು. ಷಷ್ಠಿಯ ಕರೆ ಕಳಿಸುವ ಹೊತ್ತು. ಈ ಸಲ ಕೆಟ್ಟರೆ ಅತ್ತೆಯ ಕಾಲದಿಂದ ಬಂದ ಸೇವೆ ತನ್ನ ಕೈ ಬಿಟ್ಟು ಎದುರು ಮಹಡಿ ಹತ್ತುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಅವಳು ಪೇಟೆಯ ಎಲ್ಲ ಮನೆಗೂ ಕರೆ ಕಳಿಸಿದಳು, ಕುಶಲಳ ಮನೆಯೊಂದನ್ನು ಬಿಟ್ಟು. ಆದರೆ ಕುಶಲಳ ಉಪಾಯವನ್ನು ಬಿಡಲಿಲ್ಲ. ಭರಣಿಯನ್ನು ತನ್ನ ತೊಡೆಯ ಪಕ್ಕದಲ್ಲಿಟ್ಟುಕೊಂಡು, ಮೇಲೆ ಸೆರಗು ಮುಚ್ಚಿ ಕೂತಳು.

ಹೆಂಗಸರು ಬಂದರು. ಚನ್ನಬಸವ್ವ ತಾನೇ ಮಾತು ಸುರುಮಾಡಿ ತಾನೇ ನಡೆಸಿದಳು. ಯಾರು ರೊಟ್ಟಿ, ಯಾರು ಬೇಳೆ, ಯಾರು ಸ್ಟೇಶನ್ನಿಗೆ. ನಡುವೆ ಒಬ್ಬಳು ಎದ್ದರೆ "ಕೂಡವ್ವ, ಕುಂಕುಮ ಆಗಿಲ್ಲ" ಎನ್ನುವಳು. ಇನ್ನೊಬ್ಬಳು ಬಾಯಿ ತೆರೆದರೆ "ತಡಿ, ನಾ ಹೇಳೂದು ಮುಗೀಲಿ". ಹೊತ್ತು ಏರಿತು.

"ಅಕ್ಕಾ, ಹಾಲು ಉಕ್ಕತಾವ. ಕುಂಕುಮ ಹಚ್ಚಿ ಬಿಡ್ರಿ."

"ಬಿಡ್ತೀನಿ. ಕೇಳಿಸಿಕೊಂಡು ಹೋಗ್ರಿ."

"ಕೇಳಿದಿವಲ್ರಿ. ಎಷ್ಟ ಕೇಳಬೇಕು?"

ಕೃಷ್ಣಾಬಾಯಿ ಬಗ್ಗಿ ಸೆರಗಿನತ್ತ ನೋಡಿ, "ಭರಣಿ ಅಲ್ಲೇ ಕಾವಿಗೆ ಇಟ್ಟೀರೇನು, ತತ್ತಿ ಒಡೀಲಿ ಅಂತ?" ಎಂದಳು. ಎಲ್ಲರೂ ನಕ್ಕರು. ಚನ್ನಬಸವ್ವನ ಕಿವಿ ಕಾದವು. ಅವಳು ಭರಣಿ ತೆಗೆಯಲಿಲ್ಲ.

ಆಗ ಬಾಗಿಲ ಬಳಿ ಕೂತಿದ್ದ ರಂಗೂಬಾಯಿ ಎದ್ದಳು. ಅದೇ ವಾಡೆಯ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಹಪ್ಪಳ ಒತ್ತಿ ಬದುಕುವ ವಿಧವೆ. ಅವಳಿಗೆ ಕುಂಕುಮದ ಹಂಗಿಲ್ಲ. ಯಾರೂ ಅವಳನ್ನು ತಡೆಯಲಿಲ್ಲ. ಅವಳು ಬಂದದ್ದನ್ನೇ ಯಾರೂ ನೋಡಿರಲಿಲ್ಲ. ಸೀರೆ ಕೊಡವಿ, "ನಾ ಬರ್ತೀನ್ರೆವ್ವಾ" ಎಂದು ಯಾರಿಗೂ ಅಲ್ಲದೆ ಹೇಳಿ ಇಳಿದು ಹೋದಳು. ಅದನ್ನು ನೋಡಿದ್ದೇ ಉಳಿದವರ ತಾಳ್ಮೆಯೂ ಮುಗಿಯಿತು. ಚನ್ನಬಸವ್ವ ಸೆರಗು ಸರಿಸಿ ಭರಣಿ ತೆಗೆದು ಒಬ್ಬೊಬ್ಬರಿಗೂ ಕುಂಕುಮ ಹಚ್ಚಿ ಕಳಿಸಿದಳು. ಯಾರು ಏನು ಒಪ್ಪಿಕೊಂಡರು ಎಂದು ಅವಳಿಗೇ ಹೇಳಲು ಬರುತ್ತಿರಲಿಲ್ಲ.

ಹೊಳಬಸಪ್ಪ ಅಂಗಳದಲ್ಲಿ ಕಾದು ಕೂತಿದ್ದ. "ಬಿಟ್ಟಿ ಏನ ಎಲ್ಲಾರನ್ನೂ? ನಾ ತಿಳಕೊಂಡೆ, ಯೆರವಡಾದ ಜೇಲು ಇಲ್ಲೇ ಬಂತು ಅಂತ."

ಅವಳು ಒಳಗೆ ಹೋದಳು. ಭರಣಿಯನ್ನು ಗೂಡಿನಲ್ಲಿಟ್ಟು ಯೋಚಿಸಿದಳು. ಕುಶಲ ಮಾಡಿದ್ದನ್ನೇ ತಾನೂ ಮಾಡಿದ್ದಳು. ಅಲ್ಲಿ ಜನ ಕೂತರು, ಇಲ್ಲಿ ಸಿಕ್ಕಿಬಿದ್ದರು. ಅಲ್ಲಿ ಕೂತವರಿಗೆ ಹೇಳಲಿಕ್ಕೆ ಏನೋ ಇತ್ತು. ಇಲ್ಲಿ ಕೇಳುವುದೊಂದೇ ಕೆಲಸ. ಇದು ಹೊಳೆದದ್ದು ಅವಳಿಗೆ ಹಿತವಾಗಲಿಲ್ಲ, ಯಾಕೆಂದರೆ ಇದರಲ್ಲೂ ಕುಶಲಳೇ ಗೆದ್ದಂತಾಯಿತು. ಆದರೆ ಇನ್ನೊಂದು ಮಾತು ಅವಳನ್ನು ಚುಚ್ಚುತ್ತಿತ್ತು. ಎಲ್ಲರಿಗಿಂತ ಮೊದಲು ಎದ್ದು ಹೋದವಳು ಯಾತ್ರಿಕರ ಕಡೆಯವಳೇ. ರಂಗೂಬಾಯಿಯ ತವರಿನ ಮನೆದೇವರು ಮಲ್ಲಯ್ಯ. ಚಿಕ್ಕಂದಿನಲ್ಲಿ ನಡೆದು ಜೇಜುರಿಗೆ ಹೋದವಳೆಂದು ವಾಡೆಗೆಲ್ಲ ಗೊತ್ತಿತ್ತು.

ಮರುದಿನ ಮಧ್ಯಾಹ್ನ ಚನ್ನಬಸವ್ವ ಮೆಟ್ಟಿಲ ಕೆಳಗಿನ ಕೋಣೆಗೆ ಹೋಗಿ ಹೊಸ್ತಿಲ ಮೇಲೆ ಕೂತಳು. ರಂಗೂಬಾಯಿ ಹಿಟ್ಟು ಕುಟ್ಟುತ್ತಿದ್ದಳು.

"ಹೋದ ವರ್ಷ ಬದನೀಕಾಯಿ ನಡೆಯೂದಿಲ್ಲ ಅಂತ ನಿನಗ ಗೊತ್ತಿತ್ತಲ್ಲ, ರಂಗೂ?"

"ಗೊತ್ತಿತ್ತು."

"ಮತ್ತ ಹೇಳಲಿಲ್ಲ?"

ರಂಗೂಬಾಯಿ ಒನಕೆ ನಿಲ್ಲಿಸದೆ ಹೇಳಿದಳು: "ನನ್ನ ಯಾರು ಕೇಳಿದ್ರು? ನಾ ಬಾಗಲದಾಗ ಕೂತಾಕಿ. ನಡುವ ಬಾಯಿ ಹಾಕಿದ್ರ, ಗಂಡ ಸತ್ತಾಕಿ ಕೆಟ್ಟ ಬಾಯಿ ಹಾಕಿದ್ಲು ಅಂತ ಹೇಳ್ತಿದ್ರಿ. ನೀವಲ್ಲ, ಯಾರರೆ."

ಚನ್ನಬಸವ್ವ 'ಹಂಗಲ್ಲ' ಎನ್ನಲು ಬಾಯಿ ತೆರೆದು ಮುಚ್ಚಿದಳು. ಹಾಗೆಯೇ ಆಗುತ್ತಿತ್ತು. ಚನ್ನಬಸವ್ವ ಎದ್ದು ಹೋಗದೆ ಕೂತದ್ದಕ್ಕೆ ರಂಗೂಬಾಯಿ ಒನಕೆ ಒರಗಿಸಿ ಮಾತು ಮುಂದುವರಿಸಿದಳು. ಮುದುಕಿಯರು ಪರರ ಮನೆಯಲ್ಲಿ ಎಣ್ಣೆಯಲ್ಲಿ ಕರಿದದ್ದನ್ನು ಮುಟ್ಟುವುದಿಲ್ಲ. ಕೂಸಿನವರಿಗೆ ಮೊದಲು ಬಿಸಿನೀರು ಬೇಕು, ಊಟ ಆಮೇಲೆ. ದೇವರ ಅರಿಶಿನದ ಪುಡಿ, ಭಂಡಾರ, ತುಂಬಿದ ಚೀಲಕ್ಕೆ ಕಾಲು ತಾಗದ ಜಾಗ ಬೇಕು, ಇಲ್ಲದಿದ್ದರೆ ಅವರು ಊಟಕ್ಕೂ ಕೂಡುವುದಿಲ್ಲ. ಮಾತು ಮುಗಿದಾಗ ಒರಳಿನ ಹಿಟ್ಟು ಆರಿಹೋಗಿತ್ತು. ಚನ್ನಬಸವ್ವ ತಾನೇ ನೀರು ಚಿಮುಕಿಸಿ, ಒನಕೆ ತಗೊಂಡು ಕುಟ್ಟಿಕೊಟ್ಟಳು.

ಮತ್ತೆ ಕರೆ ಹೋಯಿತು. ಈ ಸಲ ಮನೆಯೊಳಗಲ್ಲ, ಅಂಗಳದಲ್ಲಿ. ಅಂಗಳವಾದ್ದರಿಂದ ಕೃಷ್ಣಾಬಾಯಿ ಕುಶಲಳನ್ನೂ ಕರೆದುಕೊಂಡು ಬಂದಳು. ಚನ್ನಬಸವ್ವ ಬರ್ರಿ ಎಂದಳು, ಹಲ್ಲು ಕಚ್ಚಿ. ಎಲ್ಲರೂ ಕೂತ ಮೇಲೆ ಅವಳು ಬಾಗಿಲತ್ತ ತಿರುಗಿ ಹೇಳಿದಳು: "ರಂಗೂ, ಮುಂದ ಬಾ. ಯಾತ್ರಿ ಮಂದಿಗೆ ಏನು ಬೇಕು, ಮೊದಲ ನೀ ಹೇಳು. ಆಮ್ಯಾಲೆ ಉಳಿದವರು."

ಅಂಗಳದಲ್ಲಿ ಒಂದು ಗುಸುಗುಸು ಎದ್ದು ಅಡಗಿತು. ರಂಗೂಬಾಯಿ ಬಂದಳು, ಹೇಳಿದಳು. ಮೊದಮೊದಲು ನೆಲ ನೋಡುತ್ತ, ಆಮೇಲೆ ಜನರನ್ನು ನೋಡುತ್ತ. ಅದಾದ ಮೇಲೆ ಚನ್ನಬಸವ್ವ ಕಡಿಮೆ ಮಾತಾಡುವವರನ್ನು ಹುಡುಕಿ ಹುಡುಕಿ ಕೇಳಿದಳು. ಹೊಸದಾಗಿ ಬಂದ ಸೊಸೆಯನ್ನು ಅವಳ ಅತ್ತೆಗಿಂತ ಮೊದಲು ಕೇಳಿದಳು. ಆ ಸೊಸೆ ತನಗೆ ಸ್ಟೇಶನ್ನಿನಲ್ಲಿ ಮರಾಠಿಯಲ್ಲಿ ಮಾತಾಡಿ ಗಾಡಿ ವಿಚಾರಿಸಲು ಬರುತ್ತದೆ ಎಂದಾಗ ಅತ್ತೆಯೇ ಬೆರಗಾಗಿ ನೋಡಿದಳು. ಚನ್ನಬಸವ್ವ ಕೇಳುತ್ತ ಹೋದಂತೆ ಅಡಿಗೆಗಳು ತಾವಾಗಿ ಹಂಚಿಹೋದವು. ಕಡೆಗೆ ಒಬ್ಬೊಬ್ಬಳೂ ತಾನು ಏನು ತರುವೆನೆಂದು ತನ್ನ ಬಾಯಿಂದಲೇ ಹೇಳಿ ಕುಂಕುಮ ಹಚ್ಚಿಸಿಕೊಂಡಳು. ಭರಣಿ ಅವಳ ಸೆರಗಿನ ಕೆಳಗೆ ಇರಲಿಲ್ಲ. ಯಾರೂ ಅವಸರ ಮಾಡಲಿಲ್ಲ.

ಕುಶಲ ಹೊರಡುವಾಗ ಅವಳ ಕೈ ಹಿಡಿದಳು. "ಭಾಳ ಛಂದ ನಡಸಿದ್ರಿ. ಹಿಂದ ಕೂತವರನ್ನ ಮೊದಲ ಕೇಳೂದು ನನಗ ತಿಳಿದಿದ್ದಿಲ್ಲ ನೋಡ್ರಿ."

ಮಾಸ್ತರು ಮಗ್ಗಿ ಒಪ್ಪಿಸಿದವಳ ಬೆನ್ನು ತಟ್ಟಿದಂತೆ ಇತ್ತು ಅದು ಚನ್ನಬಸವ್ವನಿಗೆ. ಕೈ ಬಿಡಿಸಿಕೊಂಡಳು.

ಆ ವರ್ಷ ಯಾತ್ರಿಕರು ಹೊಟ್ಟೆ ತುಂಬ ಉಂಡರು. ತೊಗರಿಬೇಳೆ, ಕುಂಬಳಕಾಯಿ ಪಲ್ಯ, ಬಿಸಿ ರೊಟ್ಟಿ. ಕೂಸುಗಳಿಗೆ ಬಿಸಿನೀರು. ಭಂಡಾರದ ಚೀಲಗಳಿಗೆ ಎತ್ತರಕ್ಕೆ ಒಟ್ಟಿದ ಬೆಲ್ಲದ ಪೆಂಟೆಗಳ ಮೇಲೆ ಮಡಿಬಟ್ಟೆ ಹಾಸಿ ಜಾಗ. ಒಬ್ಬ ಮುದುಕಿ ಚನ್ನಬಸವ್ವನ ಹಣೆಗೂ ರಂಗೂಬಾಯಿಯ ಹಣೆಗೂ ಭಂಡಾರ ಬಳಿದು ಹೋದಳು. ಚನ್ನಬಸವ್ವ ಅದನ್ನು ಸಂಜೆಯವರೆಗೆ ಒರೆಸಿಕೊಳ್ಳಲಿಲ್ಲ.

ಅಷ್ಟಕ್ಕೇ ಮುಗಿದಿದ್ದರೆ ಅವಳ ಹೊಟ್ಟೆಯ ಉರಿ ತಣ್ಣಗಾಗುತ್ತಿತ್ತೋ ಏನೋ. ಆದರೆ ಕುಶಲ ಕಂಡದ್ದನ್ನು ಕಲಿಯುವ ಹೆಣ್ಣು. ಮುಂದಿನ ಶುಕ್ರವಾರದಿಂದಲೇ ತನ್ನ ಕೂಟದಲ್ಲಿ ಬಾಗಿಲ ಬಳಿ ಕೂತವರನ್ನು ಮೊದಲು ಕೇಳತೊಡಗಿದಳು. ಸಂಕ್ರಾಂತಿಗೆ ಪೇಟೆಯ ಗಂಡಸರು ವಖಾರಿಯಲ್ಲಿ ಕರೆದ ಕೂಟದಲ್ಲೂ ಹೆಂಗಸರ ಕಡೆಯ ಮಾತನ್ನು ಹಾಗೆಯೇ ನಡೆಸಿದಳು. ಅಪ್ಪಾಸಾಹೇಬರು ತಲೆದೂಗಿದರು. "ಕುಶಲಾಬಾಯಿಯವರ ರೀತಿ ಅಂದ್ರ ರೀತಿ! ಮೂಕರನ್ನೂ ಮಾತಾಡಿಸ್ತಾರ. ಈ ಷಷ್ಠಿ ಇಷ್ಟು ಛಂದ ಆದದ್ದೂ ಅವರು ಬಂದಮ್ಯಾಲೆ. ಬರೂ ವರ್ಷದಿಂದ ಕರೆ ಅವರ ಹೆಸರಿನಿಂದ ಹೋಗ್ಲಿ" ಎಂದರು.

ಹೊಳಬಸಪ್ಪ ಈ ಮಾತನ್ನು ಮನೆಗೆ ತಂದಾಗ ಮುಖದಲ್ಲಿ ಚೇಷ್ಟೆ ಇರಲಿಲ್ಲ. ಚನ್ನಬಸವ್ವ ರೊಟ್ಟಿ ಬಡಿಯುತ್ತಿದ್ದಳು. ಆ ರೊಟ್ಟಿ ಅಂಚು ಹರಿದು ಹೆಂಚಿನ ಮೇಲೆ ಬಿತ್ತು. "ಹೆಸರು ಬೇಕಾದರ ಹೆಸರು ತಗೋಲಿ" ಎಂದಳು. ಇನ್ನೊಂದು ಹಿಟ್ಟಿನ ಉಂಡೆ ತೆಗೆದುಕೊಂಡು, "ರಂಗೂನ ಒರಳಿನ ಹತ್ತರ ನಾ ಕೂತಿದ್ದೆ, ಆಕಿ ಅಲ್ಲ" ಎಂದಳು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಹೊಳಬಸಪ್ಪ ಹರಿದ ರೊಟ್ಟಿಯನ್ನು ತಾನೇ ತಿರುವಿ ಹಾಕಿದ.

ಮರುದಿನ ಬಿಸಿಲು ಇಳಿಯುವ ಹೊತ್ತಿಗೆ ಕುಶಲ ಬಂದಳು. ಹೊಸ್ತಿಲಾಚೆ ಕಾಲು ಒರೆಸಿಕೊಂಡು ನಿಂತಳು. ಆ ಒರೆಸುವುದರಲ್ಲೂ ಒಂದು ಅಂದವಿತ್ತು. ಅದನ್ನೂ ಚನ್ನಬಸವ್ವ ನೋಡಿದಳು.

"ವೈನಿ, ಅಪ್ಪಾಸಾಹೇಬರು ತಪ್ಪು ತಿಳಕೊಂಡಾರ. ನಾ ಅಲ್ಲೇ ಹೇಳಬೇಕಾಗಿತ್ತು, ಗಂಡಸರ ನಡುವ ಬಾಯಿ ಬರಲಿಲ್ಲ. ಈಗ ಹೋಗಿ ಹೇಳ್ತೀನಿ. ರಂಗೂಬಾಯಾರನ್ನ ಮೊದಲ ಕೇಳಿದ್ದು ನೀವು, ನಾ ನಿಮ್ಮ ಅಂಗಳದಾಗ ಕಲಿತದ್ದು ಅಂತ. ಅವರು ನನ್ನ ಮಾತು ಕೇಳ್ತಾರ. ಕರೆ ನಿಮ್ಮ ಹೆಸರಿಗೆ ತಿರುಗಿ ಬರ್ತದ."

ಅವಳ ಮುಖದಲ್ಲಿ ಕಪಟವಿರಲಿಲ್ಲ. ಇದ್ದಿದ್ದರೆ ಚನ್ನಬಸವ್ವನಿಗೆ ಸುಲಭವಾಗುತ್ತಿತ್ತು. ಅತ್ತೆಯ ಮುಖ, ಪಡಸಾಲೆ, ನೀರಲ್ಲಿ ಅದ್ದಿದ ರೊಟ್ಟಿ, ಎಲ್ಲ ಒಮ್ಮೆ ಎದುರು ಬಂದವು. ಹೂಂ ಎಂದರೆ ಸಾಕಿತ್ತು. ಹೂಂ ಗಂಟಲಿಗೆ ಬಂದೂ ಇತ್ತು.

"ಅವರು ನಿಮ್ಮ ಮಾತು ಕೇಳ್ತಾರ" ಎಂದಳು ನಿಧಾನವಾಗಿ. "ಅದಕ್ಕ ಬ್ಯಾಡ ಅಂತೀನಿ. ನೀವು ಕೊಡಿಸಿದ್ರ ಅದು ನೀವು ಕೊಟ್ಟದ್ದ ಆಗ್ತದ."

"ನಿಮ್ಮದ ನಿಮಗ ಬರೂದಲ್ರಿ, ವೈನಿ?"

"ಬರೂದಿದ್ರ ಹೆಂಗಸರು ಕೂಡಿ ಕೊಡ್ಲಿ. ಇಲ್ಲಂದ್ರ ಇಲ್ಲ." ಅವಳು ಮಣೆ ಸರಿಸಿ ಕೊಟ್ಟಳು. "ಕೂಡ್ರಿ. ಚಹಾ ಕುಡಿದು ಹೋಗ್ರಿ. ಆದರ ಅಪ್ಪಾಸಾಹೇಬರ ಕಡೆ ಹೋಗಬ್ಯಾಡ್ರಿ."